ಯಾವ ತೂಬು ತೆರೆದಿದೆ?

ಮುನಿರಾಬಾದಿನ ಅಣೆಕಟ್ಟೆಯಿಂದ ತುಂಗಭದ್ರಾ ಎಡದಂಡೆ ಕಾಲುವೆಗೆ ಬಿಡುವ ನೀರು ಒಂದೇ. ಆದರೆ ಗಂಗಾವತಿ ಕಡೆಯ ಯಾವ ಗದ್ದೆಯಲ್ಲಿ ಭತ್ತ ತೆನೆಗಟ್ಟುತ್ತದೆ, ಯಾರ ಹೊಲದಲ್ಲಿ ಸಸಿ ಬಾಡುತ್ತದೆ ಎಂಬುದನ್ನು ನಿರ್ಧರಿಸುವುದು ತೂಬು. ಯಾವ ತೂಬು ಎತ್ತಿದೆ, ಎಷ್ಟು ಎತ್ತಿದೆ, ಎಷ್ಟು ದಿನ ಎತ್ತಿದೆ ಎಂಬುದು ಕಾಲುವೆಯ ನಕ್ಷೆ ನೋಡಿದರೆ ತಿಳಿಯುವುದಿಲ್ಲ. ನಕ್ಷೆಯಲ್ಲಿ ಎಲ್ಲ ತೂಬುಗಳೂ ಇರುತ್ತವೆ. ತಿಳಿಯಬೇಕೆಂದರೆ ಕಾಲುವೆಯ ಗುಂಟ ನಡೆದು, ಒಂದೊಂದು ಕಡೆ ನಿಂತು, ಹರಿಯುವ ನೀರನ್ನು ಅಳೆಯಬೇಕು. ಕೊನೆಭಾಗದ ರೈತರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ನಮ್ಮ ದೇಹದ ಜೀವಕೋಶಗಳ ಸಂಗತಿಯೂ ಹೆಚ್ಚುಕಡಿಮೆ ಹೀಗೆಯೇ. ಹೃದಯದ ಸ್ನಾಯುವಿನ ಕೋಶ, ಸ್ತನದ ಕೋಶ, ಮಿದುಳಿನ ಕೋಶ ಎಲ್ಲದರಲ್ಲೂ ಇರುವುದು ಅದೇ ಡಿಎನ್‌ಎ, ಅದರಲ್ಲಿ ಪ್ರೋಟೀನು ತಯಾರಿಸಲು ಬೇಕಾದ ಅವೇ ಸುಮಾರು 20,000 ಜೀನುಗಳು. (ರಕ್ತದ ಕೆಂಪುಕಣ ಮಾತ್ರ ಬೆಳೆದ ಮೇಲೆ ಈ ಇಡೀ ಗಂಟನ್ನೇ ಹೊರಹಾಕಿ ಹಗುರಾಗಿಬಿಡುತ್ತದೆ.) ನಕ್ಷೆ ಒಂದೇ ಆದರೂ ಹೃದಯ ಮಿಡಿಯುತ್ತದೆ, ಮಿದುಳು ಯೋಚಿಸುತ್ತದೆ. ಒಂದೊಂದು ಕೋಶದಲ್ಲಿ ಒಂದೊಂದು ಬಗೆಯ ಜೀನುಗಳು ತೆರೆದಿರುತ್ತವೆ, ಉಳಿದವು ಮುಚ್ಚಿರುತ್ತವೆ. ತೆರೆದ ಜೀನಿನಿಂದ ಆರ್‌ಎನ್‌ಎ ಎಂಬ ಪ್ರತಿ ಹೊರಡುತ್ತದೆ, ಅದನ್ನು ನೋಡಿಕೊಂಡು ಕೋಶ ಪ್ರೋಟೀನು ಕಟ್ಟುತ್ತದೆ. ಸಾವಿರಾರು ಜೀನುಗಳಿಂದ ಹೊರಟ ಆರ್‌ಎನ್‌ಎಯನ್ನು ಒಟ್ಟಿಗೆ ಅಳೆದು, ಯಾವುದು ಜೋರಾಗಿ ಹರಿಯುತ್ತಿದೆ, ಯಾವುದು ಬತ್ತಿದೆ ಎಂದು ಪಟ್ಟಿ ಮಾಡುವ ಕೆಲಸಕ್ಕೆ ಜೀನ್ ಅಭಿವ್ಯಕ್ತಿಯ ಚಿತ್ರಣ ಎಂದು ಹೆಸರು. ಹೆಸರು ದೊಡ್ಡದು, ಮಾಡುವುದು ನೀರಗಂಟಿಯ ಕೆಲಸ.

1995ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಬ್ರೌನ್ ಮತ್ತು ಸಂಗಡಿಗರು ಗಾಜಿನ ಚೂರಿನ ಮೇಲೆ ಡಿಎನ್‌ಎ ಚುಕ್ಕೆಗಳನ್ನು ಸಾಲಾಗಿ ಇಟ್ಟು, ಸಾಸಿವೆಯ ಬಳಗಕ್ಕೆ ಸೇರಿದ ಒಂದು ಪುಟ್ಟ ಸಸ್ಯದ 45 ಜೀನುಗಳನ್ನು ಒಟ್ಟಿಗೆ ಅಳೆದು ತೋರಿಸಿದರು. ಅದಕ್ಕೆ ಮೈಕ್ರೋಅರೇ ಎಂಬ ಹೆಸರು ಬಂದಿತು. ನಾಲ್ಕೇ ವರ್ಷಗಳಲ್ಲಿ, 1999ರಲ್ಲಿ, ಬಾಸ್ಟನ್ನಿನ ಟಾಡ್ ಗೋಲಬ್ ಅವರ ತಂಡ ರಕ್ತದ ಕ್ಯಾನ್ಸರಿನ 38 ರೋಗಿಗಳ ಮಾದರಿಗಳನ್ನು ಓದಿ, 50 ಜೀನುಗಳ ಏರಿಳಿತ ನೋಡಿಯೇ ರೋಗ ಎರಡು ಬಗೆಗಳಲ್ಲಿ ಯಾವುದು ಎಂದು ಹೇಳಬಹುದೆಂದು ಸಾಧಿಸಿತು. ಸೂಕ್ಷ್ಮದರ್ಶಕಕ್ಕೆ ಒಂದೇ ತರಹ ಕಾಣುವ ಗಡ್ಡೆಗಳ ಒಳಗುಟ್ಟು ಬೇರೆ ಬೇರೆ ಇರಬಹುದು ಎಂಬ ಸಂಶಯ ವೈದ್ಯರಿಗೆ ಹಿಂದಿನಿಂದಲೂ ಇತ್ತು. ಈಗ ಅದನ್ನು ಅಳೆಯುವ ಕೋಲು ಸಿಕ್ಕಿತು.

ಕೋಲು ಹೆಚ್ಚು ಉಪಯೋಗಕ್ಕೆ ಬಂದದ್ದು ಸ್ತನ ಕ್ಯಾನ್ಸರಿನಲ್ಲಿ. 2002ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 70 ಜೀನುಗಳ ಒಂದು ಗುರುತನ್ನು ಪ್ರಕಟಿಸಿದರು. 2004ರಲ್ಲಿ ಅಮೆರಿಕದಿಂದ 21 ಜೀನುಗಳ ಆಂಕೋಟೈಪ್ ಪರೀಕ್ಷೆ ಬಂದಿತು. ಈ ಎರಡನೆಯದು ಗಡ್ಡೆಗೆ ಸೊನ್ನೆಯಿಂದ ನೂರರವರೆಗೆ ಒಂದು ಅಂಕ ಕೊಡುತ್ತದೆ. ಅಂಕ ಹೆಚ್ಚಿದ್ದರೆ ರೋಗ ಮರಳುವ ಭಯ ಹೆಚ್ಚು, ಕೀಮೊಥೆರಪಿಯ ಉಪಯೋಗವೂ ಹೆಚ್ಚು. ಕಡಿಮೆಯಿದ್ದರೆ ಹಾರ್ಮೋನಿನ ಮಾತ್ರೆ ಸಾಕು. ನಡುವಿನವರ ಗತಿಯೇನು? ಅದನ್ನು ತೀರ್ಮಾನಿಸಲು 10,000ಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡ ಟೈಲರೆಕ್ಸ್ ಎಂಬ ಅಧ್ಯಯನ ನಡೆಯಿತು. ಕಂಕುಳಿನ ಗಂಟಿಗೆ ಹಬ್ಬದ, ಹಾರ್ಮೋನಿಗೆ ಸ್ಪಂದಿಸುವ ಗಡ್ಡೆಯಿದ್ದು 11ರಿಂದ 25ರವರೆಗೆ ಅಂಕ ಬಂದವರಲ್ಲಿ ಬಹುಪಾಲು ಜನರಿಗೆ ಕೀಮೊ ಕೊಟ್ಟರೂ ಕೊಡದಿದ್ದರೂ ಫಲ ಒಂದೇ ಎಂದು 2018ರಲ್ಲಿ ಫಲಿತಾಂಶ ಹೊರಬಿದ್ದಿತು. ಒಂಬತ್ತು ವರ್ಷಗಳ ನಂತರ ರೋಗದ ಕಾಟವಿಲ್ಲದೆ ಉಳಿದವರು ಮಾತ್ರೆ ಮಾತ್ರ ನುಂಗಿದವರಲ್ಲಿ ಶೇ 83.3, ಕೀಮೊ ಸಹ ಪಡೆದವರಲ್ಲಿ ಶೇ 84.3.

ಕ್ಯಾನ್ಸರ್ ಸಂಶೋಧನೆ ಎಂದೊಡನೆ ಹೊಸ ಔಷಧದ ಸುದ್ದಿಗೆ ಕಿವಿಗೊಡುವುದು ನಮಗೆ ರೂಢಿ. ಇಲ್ಲಿ ದೊರೆತದ್ದು ಯಾರಿಗೆ ಔಷಧ ಬೇಡ ಎಂಬ ಉತ್ತರ. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಕೂಲಿಕಾರ ಹೆಣ್ಣುಮಗಳ ಲೆಕ್ಕದಲ್ಲಿ ಈ ಉತ್ತರವನ್ನು ನೋಡಬೇಕು. ಕೀಮೊ ಎಂದರೆ ಎರಡು ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೊರಡಬೇಕು. ಜೊತೆಗೊಬ್ಬರು ಬೇಕು, ಇಬ್ಬರ ಕೂಲಿಯೂ ಹೋಗುತ್ತದೆ. ಸರ್ಕಾರದ ಆರೋಗ್ಯ ಯೋಜನೆ ಆಸ್ಪತ್ರೆಯ ಬಿಲ್ಲು ಕಟ್ಟಬಹುದು. ಕಡಲೆ ರಾಶಿಯ ಹೊತ್ತಿನಲ್ಲಿ ಬಿಟ್ಟ ಕೆಲಸಕ್ಕೆ ಯಾರೂ ಬಿಲ್ಲು ಕಟ್ಟುವುದಿಲ್ಲ. ಕೂದಲು ಉದುರುವುದು, ವಾಂತಿ, ಊರವರ ನೋಟ ಇವೆಲ್ಲ ಬೇರೆ. ಇನ್ನೊಂದು ಅಪಾಯ ಹೊರಗೆ ಕಾಣುವುದಿಲ್ಲ. ಸ್ತನ ಕ್ಯಾನ್ಸರಿಗೆ ಬಹಳವಾಗಿ ಬಳಕೆಯಲ್ಲಿರುವ ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧ, ಒಟ್ಟು ಪ್ರಮಾಣ ಏರಿದಂತೆಲ್ಲ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲದು. ಅದನ್ನು ಶುರು ಮಾಡುವ ಮೊದಲು ವೈದ್ಯರು ಎಕೋ ಮಾಡಿಸುವುದು ಅದಕ್ಕಾಗಿಯೇ. ಬೇಕಾದವರಿಗೆ ಇದು ಪ್ರಾಣ ಉಳಿಸುವ ಮದ್ದು, ಅನುಮಾನವಿಲ್ಲ. ಬೇಡವಾದವರಿಗೆ ಕೊಟ್ಟರೆ ಮಾತ್ರ ಬರೀ ನಷ್ಟ.

ಇನ್ನು ನಮ್ಮ ರಾಜ್ಯದ ಕೆಲಸ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಜ್ಯೋತಿ ಪ್ರಭು, ಟಿ.ಎಸ್. ಶ್ರೀಧರ್ ಮತ್ತಿತರರು ಸ್ತನ ಕ್ಯಾನ್ಸರ್ ರೋಗಿಗಳ ಗಡ್ಡೆಗಳಲ್ಲಿ ಜೀನುಗಳ ಹರಿವನ್ನು ಅಳೆದು, 2014ರಲ್ಲಿ ಒಂದು ಉಪಯುಕ್ತ ಸಂಗತಿ ಪ್ರಕಟಿಸಿದರು. ಗಡ್ಡೆಯ ಕೋಶಗಳಲ್ಲಿ ಶೇ 1ರಿಂದ 10ರಷ್ಟು ಮಾತ್ರ ಹಾರ್ಮೋನ್ ಗ್ರಾಹಕ ಇದ್ದರೂ ವರದಿಯಲ್ಲಿ 'ಪಾಸಿಟಿವ್' ಎಂದು ಬರೆಯುವುದು ವಾಡಿಕೆ. ಅಂಥ ಗಡ್ಡೆಗಳಲ್ಲಿ ಹೆಚ್ಚಿನವು ನಿಜದಲ್ಲಿ ಗ್ರಾಹಕವೇ ಇಲ್ಲದ ಗಡ್ಡೆಗಳಂತೆ ನಡೆದುಕೊಳ್ಳುತ್ತವೆ ಎಂಬುದು ಅವರು ಕಂಡದ್ದು. ಮಿದುಳಿನ ಗ್ಲಿಯೊಬ್ಲಾಸ್ಟೋಮ ಎಂಬ ಉಗ್ರ ಗಡ್ಡೆಯ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಅವರೂ ನಿಮ್ಹಾನ್ಸ್ ವೈದ್ಯರೂ ಸೇರಿ ಕೆಲಸ ಮಾಡಿ, 2013ರಲ್ಲಿ 14 ಜೀನುಗಳ ಗುರುತನ್ನು ಮುಂದಿಟ್ಟರು. ಬೆಂಗಳೂರಿನ ಆಂಕೋಸ್ಟೆಮ್ ಕಂಪನಿಯ ಕ್ಯಾನ್‌ಅಸಿಸ್ಟ್ ಪರೀಕ್ಷೆಯೂ ಸ್ತನ ಕ್ಯಾನ್ಸರ್ ಮರಳುವ ಸಂಭವವನ್ನು ಲೆಕ್ಕ ಹಾಕುತ್ತದೆ. ಆದರೆ ಅದು ಅಳೆಯುವುದು ಆರ್‌ಎನ್‌ಎಯನ್ನಲ್ಲ, ಐದು ಪ್ರೋಟೀನು ಗುರುತುಗಳನ್ನು. ತೂಬನ್ನು ಬಿಟ್ಟು ಗದ್ದೆಯನ್ನೇ ನೋಡಿದಂತೆ.

ವಿದೇಶದ ಅಂಕವನ್ನು ನಮ್ಮವರಿಗೆ ಹಾಗೆಯೇ ಹಚ್ಚುವುದಕ್ಕೆ ತೊಡಕುಗಳಿವೆ. ಆ ಪರೀಕ್ಷೆಗಳು ಹುಟ್ಟಿದ್ದು ಯೂರೋಪು, ಅಮೆರಿಕದ ಮಹಿಳೆಯರ ಗಡ್ಡೆಗಳಿಂದ. ಭಾರತದಲ್ಲಿ ಸ್ತನ ಕ್ಯಾನ್ಸರ್ ಅಲ್ಲಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಟೈಲರೆಕ್ಸ್ ಅಧ್ಯಯನದಲ್ಲಿಯೇ 50 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಅಂಕ 16ರಿಂದ 25 ಇದ್ದಾಗ ಕೀಮೊದಿಂದ ಅಷ್ಟಿಷ್ಟು ಲಾಭ ಕಂಡಿತ್ತು. ಬೆಲೆಯೂ ಲಕ್ಷ ದಾಟುವ ಮಾತು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಇದು ಆರಂಭದ ಹಂತದ ರೋಗಿಗೆ ಮಾತ್ರ ಉಪಯೋಗದ ಪರೀಕ್ಷೆ. ಗಂಟು ನೋಯುತ್ತಿಲ್ಲ ಎಂದು ಸುಮ್ಮನಿದ್ದು, ಚರ್ಮ ಒಡೆದ ಮೇಲೆ ಆಸ್ಪತ್ರೆಗೆ ಬಂದವಳಿಗೆ ಇಪ್ಪತ್ತೊಂದು ಜೀನುಗಳು ಹೇಳುವುದು ಏನೂ ಉಳಿದಿರುವುದಿಲ್ಲ. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು ಎಂಬ ಮಾತು ಕುಷ್ಟಗಿಯ ಸಂತೆಯವರೆಗೆ ತಲುಪದೆ ಬೆಂಗಳೂರಿನ ಯಂತ್ರಗಳಿಂದ ಆ ಊರಿಗೆ ಹೆಚ್ಚು ಲಾಭವಿಲ್ಲ.

ಹೃದಯದ ವಿಷಯದಲ್ಲಿ ಕಥೆ ಇಷ್ಟು ಮುಂದೆ ಬಂದಿಲ್ಲ, ಕಾರಣವೂ ಸರಳ. ಗಡ್ಡೆಯನ್ನು ಹೇಗೂ ಕತ್ತರಿಸಿ ತೆಗೆಯುತ್ತಾರೆ. ಮಿಡಿಯುವ ಹೃದಯದಿಂದ ಚೂರು ತೆಗೆಯಲು ಯಾರು ಒಪ್ಪುತ್ತಾರೆ? ಆದರೂ ಸಿಕ್ಕಷ್ಟು ಮಾದರಿಗಳಲ್ಲಿ ಒಂದು ಅಚ್ಚರಿ ಕಂಡಿದೆ. ಸೋಲುತ್ತಿರುವ ಹೃದಯದ ಸ್ನಾಯು, ತಾಯಿಯ ಗರ್ಭದಲ್ಲಿದ್ದಾಗ ಬಳಸಿ ಆಮೇಲೆ ತಗ್ಗಿಸಿದ್ದ ಜೀನುಗಳನ್ನು ಮತ್ತೆ ತೆರೆಯುತ್ತದೆ. ಮುದಿ ಹೃದಯ ಸಂಕಟದಲ್ಲಿ ಶಿಶುವಿನ ಪಾಠಕ್ಕೆ ಮರಳಿದಂತೆ. ಹೀಗೆ ಏರುವ ಜೀನುಗಳಲ್ಲಿ ಒಂದರ ಉತ್ಪನ್ನ ಬಿಎನ್‌ಪಿ. ಏದುಸಿರು ಬಿಡುತ್ತ ಬಂದ ರೋಗಿಗೆ ವೈದ್ಯರು ಬರೆದುಕೊಡುವ ಬಿಎನ್‌ಪಿ ರಕ್ತಪರೀಕ್ಷೆ, ಒಂದು ಅರ್ಥದಲ್ಲಿ, ಹೃದಯದ ಒಂದೇ ಒಂದು ತೂಬನ್ನು ದೂರದಿಂದ ಇಣುಕಿ ನೋಡುವ ಉಪಾಯ.

ರಕ್ತದ ಬಿಳಿಕಣಗಳ ಜೀನುಗಳನ್ನು ಓದಿ ಹೃದಯದ ಸುದ್ದಿ ತಿಳಿಯುವ ಯತ್ನಗಳೂ ನಡೆದಿವೆ. ಕಸಿ ಮಾಡಿದ ಹೃದಯವನ್ನು ದೇಹ ತಿರಸ್ಕರಿಸುತ್ತಿದೆಯೇ ಎಂದು 11 ಜೀನುಗಳಿಂದ ಅಂದಾಜು ಮಾಡುವ ಆಲೊಮ್ಯಾಪ್ ಪರೀಕ್ಷೆಗೆ ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿತು. ಕತ್ತಿನ ರಕ್ತನಾಳದ ಮೂಲಕ ಪದೇ ಪದೇ ಚೂರು ತೆಗೆಸಿಕೊಳ್ಳುವ ಕಾಟ ಇದರಿಂದ ತಗ್ಗಿತು. ರಕ್ತನಾಳ ಕಟ್ಟಿಕೊಂಡಿದೆಯೇ ಎಂದು 23 ಜೀನುಗಳಿಂದ ಹೇಳುತ್ತೇವೆಂದು ಬಂದ ಇನ್ನೊಂದು ಪರೀಕ್ಷೆ ಅಮೆರಿಕದ ಸರ್ಕಾರಿ ವಿಮೆಯ ಬೆಂಬಲ ಕಳೆದುಕೊಂಡು ಮರೆಯಾಯಿತು. ದಕ್ಷಿಣ ಏಷ್ಯಾದವರಲ್ಲಿ ಸುಮಾರು ಶೇ 4ರಷ್ಟು ಜನರಲ್ಲಿರುವ, ಹೃದಯವನ್ನು ದುರ್ಬಲಗೊಳಿಸಬಲ್ಲ ಒಂದು ಜೀನಿನ ಕೊರತೆಯನ್ನು ಭಾರತೀಯ ವಿಜ್ಞಾನಿಗಳು 2009ರಲ್ಲಿ ವರದಿ ಮಾಡಿದರು. ಆದರೆ ಅದು ನಕ್ಷೆಯಲ್ಲಿಯೇ ಇರುವ ತಪ್ಪು, ತೂಬಿನ ಏರಿಳಿತವಲ್ಲ, ಎರಡನ್ನೂ ಬೆರೆಸಬಾರದು. ಎದೆನೋವು ಬಂದವರಿಗಂತೂ ಈ ಯಾವುದೂ ಬೇಕಿಲ್ಲ. ಅವರಿಗೆ ಬೇಕಾದದ್ದು ತಕ್ಷಣ ಇಸಿಜಿ, ಅದನ್ನು ನೋಡಿ ವೈದ್ಯರು ಬೇಕೆಂದರೆ ಹೊತ್ತು ಮೀರುವ ಮೊದಲು ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್.

ಹಾಗಾದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಗೆ ಈ ವಿದ್ಯೆಯಲ್ಲಿ ಪಾಲಿಲ್ಲವೇ? ಇದೆ, ಮತ್ತು ಅದು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿದೆ. ಆರ್‌ಎನ್‌ಎ ಬೇಸಿಗೆಯ ಹಾಲಿನಂಥ ವಸ್ತು. ದೇಹದಿಂದ ಹೊರಬಂದ ಗಳಿಗೆಯಿಂದಲೇ ಕೆಡತೊಡಗುತ್ತದೆ. ಮೊದಮೊದಲು 70 ಜೀನುಗಳ ಪರೀಕ್ಷೆಗೆ ಆಗತಾನೇ ತೆಗೆದ ಇಲ್ಲವೆ ಹೆಪ್ಪುಗಟ್ಟಿಸಿಟ್ಟ ಗಡ್ಡೆಯೇ ಬೇಕಿತ್ತು. 21 ಜೀನುಗಳ ಪರೀಕ್ಷೆ ಫಾರ್ಮಾಲಿನ್‌ನಲ್ಲಿ ನೆನೆಸಿ ಮೇಣದಲ್ಲಿ ಹುದುಗಿಸಿದ, ಎಲ್ಲ ಪೆಥಾಲಜಿ ಪ್ರಯೋಗಾಲಯಗಳಲ್ಲೂ ಇರುವ ಮಾಮೂಲಿ ಬ್ಲಾಕಿನಿಂದಲೇ ನಡೆಯುತ್ತದೆ. ದೂರದ ಊರುಗಳಿಗೆ ಬಾಗಿಲು ತೆರೆದದ್ದು ಈ ಅನುಕೂಲ. ಆದರೆ ಬ್ಲಾಕು ಚೆನ್ನಾಗಿರಬೇಕಾದರೆ ಗಡ್ಡೆ ತೆಗೆದ ಒಂದು ಗಂಟೆಯೊಳಗೆ ಅದು ಫಾರ್ಮಾಲಿನ್‌ಗೆ ಬೀಳಬೇಕು. ದ್ರವ ಗಡ್ಡೆಯ ಹತ್ತರಷ್ಟು ಇರಬೇಕು. ಒಳಗಿನವರೆಗೆ ಇಳಿಯಲು ದೊಡ್ಡ ಗಡ್ಡೆಯನ್ನು ಸೀಳಿಡಬೇಕು. ಆರು ಗಂಟೆಗಿಂತ ಕಡಿಮೆ ನೆನೆಯಬಾರದು, ಮೂರು ದಿನಕ್ಕಿಂತ ಹೆಚ್ಚೂ ಇರಬಾರದು. ಸಲೈನಿನಲ್ಲಿ ಹಾಕಿ, ಸಂಜೆಯ ಬಸ್ಸಿಗೆ ಕಾಯುತ್ತ ಇಟ್ಟ ಗಡ್ಡೆಯಿಂದ ಹಾರ್ಮೋನ್ ಗ್ರಾಹಕದ ಸಾಮಾನ್ಯ ಪರೀಕ್ಷೆಯೂ ಸುಳ್ಳು ಹೇಳಬಹುದು. ಕಿರಿದಾದ ಬಾಯಿಯ ಬಾಟಲಿಗೆ ತುರುಕಿದರಂತೂ ಮುಗಿಯಿತು. ಇದಕ್ಕೆ ಲಕ್ಷಗಳ ಯಂತ್ರ ಬೇಡ. ಅಗಲ ಬಾಯಿಯ ಡಬ್ಬಿ, ಸರಿಯಾದ ಫಾರ್ಮಾಲಿನ್, ಡಬ್ಬಿಯ ಮೇಲೆ ಗಂಟೆ ನಿಮಿಷ ಬರೆಯುವ ಒಬ್ಬ ನರ್ಸ್ ಸಾಕು.

ರೋಗಿಯ ಮನೆಯವರು ವರದಿಯ ಕಾಗದದ ಜೊತೆಗೆ ಬ್ಲಾಕನ್ನೂ ಕೇಳಿ ಪಡೆಯಬಹುದು. ಮುಂದೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಮತ್ತೆ ಪರೀಕ್ಷೆ ಬೇಕಾದರೆ ಹೊಸದಾಗಿ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ. ಬ್ಲಾಕಿನ ಮೇಲಿನ ಸಂಖ್ಯೆ ವರದಿಯ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಅಲ್ಲಿಯೇ ನಿಂತು ನೋಡಿಕೊಳ್ಳಬೇಕು. 2025ರಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಶುರುವಾಗಿದೆ. ಬ್ಲಾಕು ಚೀಲದಲ್ಲಿ ಪ್ರಯಾಣ ಮಾಡಬಲ್ಲದು. ಮೇಣ ಕರಗುವುದು 55 ಡಿಗ್ರಿಯ ಆಸುಪಾಸಿನಲ್ಲಿ. ಕೊಪ್ಪಳದ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗಾಗಲಿ, ಬಸ್ಸಿನ ಎಂಜಿನ್ ಬಾನೆಟ್ಟಿನ ಮೇಲಾಗಲಿ ಅದನ್ನು ಇಡಬಾರದು.