ಬಿಯರಿನ ರುಚಿ ಇರುವುದು ಮೂಗಿನಲ್ಲಿ

ಬವೇರಿಯಾ ಮಾದರಿಯ ಗೋಧಿ ಬಿಯರನ್ನು ಮೂಗಿನ ಹತ್ತಿರ ಹಿಡಿದರೆ ಮೊದಲು ಮಾಗಿದ ಬಾಳೆಹಣ್ಣಿನ ವಾಸನೆ ಬರುತ್ತದೆ, ಅದರ ಬೆನ್ನಿಗೇ ಲವಂಗದ್ದು. ಆದರೆ ಅದನ್ನು ತಯಾರಿಸುವಾಗ ಬಾಳೆಹಣ್ಣನ್ನೂ ಹಾಕಿರುವುದಿಲ್ಲ, ಲವಂಗವನ್ನೂ ಹಾಕಿರುವುದಿಲ್ಲ. ಬೆಂಗಳೂರಿನ ಇಂದಿರಾನಗರದ ಟಾಯ್ಟ್‌ನಂಥ ಕಿರುಬ್ರೂವರಿಗಳಲ್ಲಿ ವಾರದ ಕೊನೆಗೆ ಒಂದೇ ಮೇಜಿನ ಸುತ್ತ ಸೇರಿ, ನಾಲ್ಕಾರು ಬಗೆಯ ಬಿಯರನ್ನು ಸಣ್ಣ ಲೋಟಗಳಲ್ಲಿ ತರಿಸಿ ಗುಟುಕು ಗುಟುಕಾಗಿ ಸವಿಯುವ ಗೆಳೆಯರ ಹವ್ಯಾಸಕ್ಕೆ ಈ ಒಗಟೇ ಬಾಗಿಲು.

ಬಿಯರಿನ ಮೂಲದ್ರವ್ಯ ಜವೆಗೋಧಿ, ಅಂದರೆ ಬಾರ್ಲಿ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದು ಮಾಲ್ಟ್ ಆಗುತ್ತದೆ. ಮೊಳಕೆಯೊಡೆಯುವ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಸಿದ್ಧವಾಗಿರುತ್ತವೆ. ಮಾಲ್ಟಿನ ನುಚ್ಚನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಇರಿಸಿದಾಗ ಅವು ಚುರುಕಾಗಿ ಕೆಲಸ ಮಾಡಿ ಸಿಹಿ ರಸವನ್ನು ಕೊಡುತ್ತವೆ. ಆ ರಸಕ್ಕೆ ಹಾಪ್ ಹೂಗಳನ್ನು ಹಾಕಿ ಕುದಿಸಿದರೆ ಹೂವಿನ ಆಲ್ಫಾ ಆಮ್ಲಗಳು ರೂಪ ಬದಲಿಸಿ ಹಿತವಾದ ಕಹಿಯಾಗುತ್ತವೆ. ಆರಿದ ಮೇಲೆ ಯೀಸ್ಟ್ ಸೇರುತ್ತದೆ. ಬರಿಗಣ್ಣಿಗೆ ಕಾಣದ ಈ ಏಕಕೋಶ ಜೀವಿ ಸಕ್ಕರೆಯನ್ನು ಉಂಡು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುವುದರ ಜೊತೆಗೆ, ಅತ್ಯಲ್ಪ ಪ್ರಮಾಣದಲ್ಲಿ ನೂರಾರು ಪರಿಮಳದ ಅಣುಗಳನ್ನೂ ಹೆಣೆಯುತ್ತದೆ. ಅವುಗಳಲ್ಲಿ ಐಸೊಅಮೈಲ್ ಅಸಿಟೇಟ್ ಎಂಬುದು ಬಾಳೆಹಣ್ಣಿನಲ್ಲಿಯೂ ಇರುವ ಅಣುವೇ. ಧಾನ್ಯದ ಫೆರುಲಿಕ್ ಆಮ್ಲದಿಂದ ಗೋಧಿ ಬಿಯರಿನ ಯೀಸ್ಟ್ ರೂಪಿಸುವ ಇನ್ನೊಂದು ಅಣುವಿಗೆ ಲವಂಗದ ವಾಸನೆ. ಹೀಗೆ ಹಣ್ಣಿಲ್ಲದೆ ಹಣ್ಣಿನ ಪರಿಮಳ ಹುಟ್ಟುತ್ತದೆ. ಹತ್ತು ಡಿಗ್ರಿಯ ಆಸುಪಾಸಿನ ತಂಪಿನಲ್ಲಿ ನಿಧಾನವಾಗಿ ಹುದುಗುವ ಲಾಗರ್ ಬಿಯರಿನಲ್ಲಿ ಇಂಥ ಅಣುಗಳು ಕಡಿಮೆ. ಅದರ ರುಚಿ ತಿಳಿಯಾಗಿರುವುದು ಅದಕ್ಕೇ.

ಇಷ್ಟೆಲ್ಲವನ್ನೂ ಗುರುತಿಸುವುದು ನಾಲಿಗೆಯಲ್ಲ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಎಂಬ ಐದು ಮೂಲರುಚಿಗಳಷ್ಟೇ. ಗುಟುಕು ನುಂಗುವಾಗ ಪರಿಮಳದ ಅಣುಗಳು ಗಂಟಲಿನ ಹಿಂಬದಿಯಿಂದ ಮೇಲೇರಿ ಮೂಗಿನ ಒಳಪದರವನ್ನು ಮುಟ್ಟುತ್ತವೆ. ಅಲ್ಲಿ ಸುಮಾರು 400 ಬಗೆಯ ವಾಸನಾ ಗ್ರಾಹಕಗಳಿವೆ. ಇವುಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಮೂಗು ಮುಚ್ಚಿಕೊಂಡು ಕುಡಿದರೆ ಬಾಳೆಹಣ್ಣು ಮಾಯವಾಗಿ ಸಿಹಿ, ಹುಳಿ, ಕಹಿಗಳಷ್ಟೇ ಉಳಿಯುತ್ತವೆ. ಮೂಗು ಬಿಟ್ಟ ಕ್ಷಣ ಅದು ಮರಳುತ್ತದೆ. ಬಿಯರಿನ ಚುರುಗುಟ್ಟುವಿಕೆಯದು ಮೂರನೆಯ ದಾರಿ. ಮೆಣಸಿನಕಾಯಿಯ ಖಾರವನ್ನು ಮಿದುಳಿಗೆ ಮುಟ್ಟಿಸುವ ಮುಖದ ನರವೇ ಇಂಗಾಲದ ಡೈಆಕ್ಸೈಡಿನ ಚುಚ್ಚುವಿಕೆಯನ್ನೂ ಮುಟ್ಟಿಸುತ್ತದೆ.

ಈ ಪರಿಮಳಗಳನ್ನು ಗುರುತಿಸಲು ಬೇಕಾದ ಪಾಠ ಊರಿನಲ್ಲೇ ಆಗಿರುತ್ತದೆ. ಕುಂದಗೋಳ ತಾಲೂಕಿನ ಸಂಶಿಯ ಕಡೆಯಿಂದ ಬಂದವರ ಮೂಗಿಗೆ ಧಾರವಾಡ ಪೇಢಾ ಹೊಸದಲ್ಲ. ಖೋವಾವನ್ನು ಸಕ್ಕರೆಯೊಂದಿಗೆ ಕಂದು ಬಣ್ಣ ಬರುವವರೆಗೆ ಹುರಿಯುವಾಗ, ಸಕ್ಕರೆಗಳೂ ಅಮೈನೋ ಆಮ್ಲಗಳೂ ಬಿಸಿಯಲ್ಲಿ ಬೆಸೆದು ಹೊಸ ಬಣ್ಣ, ಹೊಸ ಘಮ ಕೊಡುತ್ತವೆ. ಫ್ರಾನ್ಸಿನ ಲೂಯಿ ಕಮೀ ಮೈಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಯೇ ಹುರಿದ ಮಾಲ್ಟಿನಲ್ಲಿಯೂ ನಡೆದು ಕಪ್ಪು ಬಿಯರಿಗೆ ಬಣ್ಣ, ಘಮಗಳನ್ನು ತರುತ್ತದೆ. ಮೊಸರಿನ ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲವೇ ಬರ್ಲಿನ್ನಿನ ಹುಳಿ ಬಿಯರಿನಲ್ಲಿಯೂ ಇದೆ. ಎರೆಹೊಲದ ಹಿಂಗಾರಿ ಬೆಳೆಯಾದ ಜೋಳಕ್ಕೂ ಈ ಲೋಕದಲ್ಲಿ ಜಾಗವಿದೆ: ದಕ್ಷಿಣ ಆಫ್ರಿಕಾದ ಉಂಕೊಂಬೊತಿ ಎಂಬ ಸಾಂಪ್ರದಾಯಿಕ ಬಿಯರನ್ನು ಗೋವಿನಜೋಳ ಮತ್ತು ಮೊಳಕೆ ಬರಿಸಿದ ಜೋಳದಿಂದಲೇ ಮಾಡುತ್ತಾರೆ.

ಹಾಗಿದ್ದರೆ ಗೆಳೆಯರೇಕೆ ಬೇಕು? ವಾಸನಾ ಗ್ರಾಹಕಗಳೂ ಕಹಿಯ ಗ್ರಾಹಕಗಳೂ ಎಲ್ಲರಲ್ಲಿ ಒಂದೇ ತೆರನಾಗಿಲ್ಲ. ಒಬ್ಬರಿಗೆ ಬರಿಯ ಕಹಿ ಎನಿಸಿದ್ದರಲ್ಲಿ ಇನ್ನೊಬ್ಬರಿಗೆ ಕಿತ್ತಳೆ ಸಿಪ್ಪೆ ಸಿಗುತ್ತದೆ. ಅಲ್ಲದೆ ಪರಿಚಿತ ವಾಸನೆಗೂ ಹೆಸರು ಹುಡುಕುವುದು ಮನುಷ್ಯನಿಗೆ ಕಷ್ಟ. ಹೆಸರು ಸಿಕ್ಕರೆ ಗುರುತು ಸುಲಭವಾಗುತ್ತದೆ. 1970ರ ದಶಕದಲ್ಲಿ ಮೋರ್ಟನ್ ಮೈಲ್‌ಗೋರ್ಡ್ ಮತ್ತು ಸಹವಿಜ್ಞಾನಿಗಳು ಬಿಯರಿನ ರುಚಿಚಕ್ರವನ್ನು ರೂಪಿಸಿದ್ದು, ಬೇರೆ ಬೇರೆ ಮೂಗುಗಳ ಅನುಭವಕ್ಕೆ ಒಂದು ಸಮಾನ ಪದಕೋಶ ಒದಗಿಸಲೆಂದೇ.

ಬಾರಿನ ಮೇಜಿನ ಸುತ್ತ ಬೆಳೆಯುವುದೂ ಅಂಥದೇ ಪದಕೋಶ. ಮೂಗು ಬೇಗ ದಣಿಯುವುದರಿಂದ, ಮತ್ತೇರಿದ ಮೇಲೆ ಗಮನ ನಿಲ್ಲದಿರುವುದರಿಂದ, ಅಲ್ಲಿ ಗುಟುಕು ಸಣ್ಣದು, ಮಾತು ಹೆಚ್ಚು. ಕಪ್ಪು ಬಿಯರಿನ ಲೋಟ ಕೈಯಿಂದ ಕೈಗೆ ಸಾಗುವಾಗ ಸಂಶಿಯ ಕಡೆಯವನೊಬ್ಬ "ಪೇಢಾ ಕಡಾಯಿ ವಾಸನಿ ಐತಿ ನೋಡ್ರಪಾ" ಎಂದರೆ ಸಾಕು, ಅಲ್ಲಿಯವರೆಗೆ ಬರಿಯ ಕಹಿಯನ್ನು ಕಂಡವರಿಗೂ ಮುಂದಿನ ಗುಟುಕಿನಲ್ಲಿ ಆ ಕಡಾಯಿ ಸಿಗುತ್ತದೆ.