ಮೇಜಿನ ಮೇಲೆ ಜಪಾನಿನ ವಿಮಾನ ನಿಲ್ದಾಣದ ರೈಲು

ಭೋಸರಿ: ಗಣೇಶೋತ್ಸವ ಸಮೀಪಿಸಿತೆಂದರೆ ಭೋಸರಿ, ಕಾಸಾರವಾಡಿ, ಪಿಂಪ್ರಿ ಪರಿಸರದ ಮನೆಗಳಲ್ಲಿ ‘ದೇಖಾವಾ’ದ ತಯಾರಿ ಶುರು. ಗಣಪನ ಎದುರು ಗುಡ್ಡ, ಕೋಟೆ, ಹಳ್ಳಿ, ನಡುವೆ ಸುತ್ತುವ ಒಂದು ಆಟಿಕೆ ರೈಲು. 2018ರಲ್ಲಿ ರಾಜ್ಯ ಸರಕಾರ ಥರ್ಮೊಕೋಲ್ ಅಲಂಕಾರಕ್ಕೆ ನಿಷೇಧ ಹೇರಿದ ಮೇಲೆ ರಟ್ಟು, ಪ್ಲೈವುಡ್, ಕಾಗದದಲ್ಲಿ ಕೈಚಳಕ ತೋರುವವರ ಸಂಖ್ಯೆಯೇನೂ ಕಡಿಮೆಯಾಗಿಲ್ಲ. ಎಂಐಡಿಸಿಯ ಟೂಲ್‌ರೂಮ್‌ಗಳಲ್ಲಿ ಆಯುಷ್ಯ ಸವೆಸಿ ನಿವೃತ್ತರಾದ ಕನ್ನಡಿಗರಿಗೆ ಮಿಲಿಮೀಟರಿನ ಲೆಕ್ಕ ಅಂಗೈ ಗೆರೆಯಷ್ಟೇ ಪರಿಚಿತ. ಹನ್ನೊಂದು ದಿನಕ್ಕೆ ಮುಗಿದುಹೋಗುವ ಈ ಶ್ರಮವನ್ನು ವರ್ಷಪೂರ್ತಿ ಉಳಿಯುವ ಹವ್ಯಾಸವನ್ನಾಗಿ ಮಾಡಿಕೊಳ್ಳಲು ಸಾಧ್ಯವೇ? ಸಾಧ್ಯವೆಂದು ತೋರಿಸಿದವರು ಪುಣೆಯಲ್ಲೇ ಇದ್ದರು.

ಕೊತ್ರುಡ್‌ನ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ 1998ರ ಏಪ್ರಿಲ್ 1ರಂದು ಬಾಗಿಲು ತೆರೆಯಿತು. ಅದರ ಹಿಂದಿದ್ದವರು ಭಾವೂ ಜೋಶಿ. ಮೊದಲು ಅವರು ತಮ್ಮ ಮಾದರಿ ನಗರವನ್ನು ಪ್ರದರ್ಶನಗಳಿಗೆ ಒಯ್ದು ತೋರಿಸುತ್ತಿದ್ದರು. ಪ್ರತಿ ಸಲ ಕಳಚಿ, ಸಾಗಿಸಿ, ಮತ್ತೆ ಜೋಡಿಸುವಲ್ಲಿ ನಾಜೂಕಾದ ಭಾಗಗಳು ಹಾಳಾಗುತ್ತಿದ್ದುದರಿಂದ ಒಂದೇ ಕಡೆ ಶಾಶ್ವತವಾಗಿ ಇರಿಸುವ ನಿರ್ಧಾರಕ್ಕೆ ಬಂದರು. ಅಲ್ಲಿ ಸರ್ಕಸ್ ಇದೆ, ಈಜುಕೊಳ ಇದೆ, ದೀಪ ಆರಿ ರಾತ್ರಿಯಾದಾಗ ಊರೆಲ್ಲ ಮಿನುಗುತ್ತದೆ. ನಾಶಿಕ್ ಫಾಟಾದಲ್ಲಿ ಮೆಟ್ರೊ ಹತ್ತಿ, ಸಿವಿಲ್ ಕೋರ್ಟ್‌ನಲ್ಲಿ ಗಾಡಿ ಬದಲಿಸಿದರೆ ಭೋಸರಿಯವರಿಗೆ ಕರ್ವೆ ರಸ್ತೆ ಈಗ ದೂರವೇನಲ್ಲ. ಮಕ್ಕಳನ್ನು ಕರೆದೊಯ್ಯದವರು ಒಮ್ಮೆ ಕರೆದೊಯ್ಯಬೇಕು.

ಜೋಶಿಯವರ ಮಾದರಿ ‘ಎಚ್‌ಒ’ ಅಳತೆಯದ್ದು, ಅಂದರೆ ನಿಜದ 87ರಲ್ಲಿ ಒಂದು ಭಾಗ. ಅದಕ್ಕೆ ಸಭಾಂಗಣದಷ್ಟು ಜಾಗ ಬೇಕು. ಒಂದು ಬಿಎಚ್‌ಕೆ ಮನೆಯವರಿಗೆ ಒಗ್ಗುವುದು ಜಪಾನೀಯರ ದಾರಿ. ಅಲ್ಲಿಯೂ ಮನೆಗಳು ಸಣ್ಣವು. ಆದ್ದರಿಂದ 9 ಮಿಲಿಮೀಟರ್ ಹಳಿಯ ‘ಎನ್’ ಅಳತೆ ಅಲ್ಲಿ ಮನೆಮಾತಾಯಿತು. ಕಾಟೊ ಕಂಪೆನಿ 1965ರಲ್ಲಿ ಈ ಅಳತೆಯ ಉಗಿಬಂಡಿಯನ್ನು ಮಾರುಕಟ್ಟೆಗೆ ತಂದಿತು. ಜಪಾನಿನ ಸಾಮಾನ್ಯ ರೈಲುಗಳನ್ನು 150ರಲ್ಲಿ ಒಂದು ಭಾಗವಾಗಿಯೂ, ಶಿಂಕಾನ್ಸೆನ್ ಬುಲೆಟ್ ರೈಲನ್ನು 160ರಲ್ಲಿ ಒಂದು ಭಾಗವಾಗಿಯೂ ಮಾಡುತ್ತಾರೆ. ಶಿಂಕಾನ್ಸೆನ್ ಹಳಿಯ ಅಗಲ 1435 ಮಿ.ಮೀ.; 160ರಿಂದ ಭಾಗಿಸಿದರೆ ಹೆಚ್ಚುಕಡಿಮೆ 9 ಬರುತ್ತದೆ. ಉಳಿದ ಬಹುಪಾಲು ರೈಲುಗಳ ಹಳಿ 1067 ಮಿ.ಮೀ., ಲೆಕ್ಕದಂತೆ 7.1 ಬರಬೇಕು, ಆದರೂ ಓಡುವುದು 9ರ ಮೇಲೆಯೇ. ಖಾತೆ ಪೂರ್ತಿ ತಾಳೆಯಾಗುವುದಿಲ್ಲ. ಹವ್ಯಾಸಿಗಳು ಇದನ್ನು ನೋಡಿಯೂ ನೋಡದಂತೆ ಇರುತ್ತಾರೆ.

ಜಪಾನೀ ಮಾದರಿ ಎಂದಾಗ ಎಲ್ಲರೂ ಫ್ಯೂಜಿ ಪರ್ವತ, ಚೆರಿ ಹೂವು, ಕೆಂಪು ಕಮಾನುಗಳತ್ತ ಓಡುತ್ತಾರೆ. ಆದರೆ ನಮ್ಮವರ ಮನಸ್ಸಿಗೆ ಹತ್ತಿರವಾಗಬಲ್ಲ ಇನ್ನೊಂದು ದೃಶ್ಯವಿದೆ: ವಿಮಾನ ನಿಲ್ದಾಣದ ರೈಲ್ವೆ ಸ್ಟೇಷನ್. ಮಗನೋ ಮಗಳೋ ಪರದೇಶದಲ್ಲಿರುವ ಕುಟುಂಬಗಳು ಭೋಸರಿಯ ಕನ್ನಡಿಗರಲ್ಲೂ ಇವೆ. ಲೋಹಗಾಂವ್‌ಗೆ ಅಪರಾತ್ರಿಯಲ್ಲಿ ರಿಕ್ಷಾ ಹುಡುಕಿದ ಅನುಭವ ಅವರಿಗೆ ಹೊಸದಲ್ಲ. ಮೆಟ್ರೊ 2024ರ ಮಾರ್ಚ್‌ನಲ್ಲಿ ರಾಮವಾಡಿಯವರೆಗೆ ತಲುಪಿತಾದರೂ ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಬೇರೆ ವಾಹನ ಹಿಡಿಯಲೇಬೇಕಾಯಿತು. ಬೆಂಗಳೂರಿನಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ಕೆಂಪೇಗೌಡ ವಿಮಾನ ನಿಲ್ದಾಣ ಹಾಲ್ಟ್ 2021ರ ಜನವರಿ 4ರಂದು ಆರಂಭವಾಯಿತು. ಟಿಕೆಟು ಹತ್ತು–ಹದಿನೈದು ರೂಪಾಯಿ ಎಂದು ಕೇಳಿ ಆಗ ಎಲ್ಲರೂ ಹುಬ್ಬೇರಿಸಿದ್ದರು. ಆದರೆ ಹಾಲ್ಟ್‌ನಿಂದ ಟರ್ಮಿನಲ್‌ಗೆ ಮೂರೂವರೆ ಕಿಲೋಮೀಟರು, ನಡುವೆ ಬಸ್ಸು.

ಜಪಾನಿನ ಕನ್ಸಾಯ್‌ನಲ್ಲಿ ಈ ತಾಪತ್ರಯವಿಲ್ಲ. ಒಸಾಕಾ ಕೊಲ್ಲಿಯಲ್ಲಿ ಮಣ್ಣು ತುಂಬಿಸಿ ಮಾಡಿದ ದ್ವೀಪದ ಮೇಲೆ 1994ರಲ್ಲಿ ತೆರೆದ ಈ ವಿಮಾನ ನಿಲ್ದಾಣದಲ್ಲಿ ರೈಲಿಳಿದವರು ಸೇತುವೆಯೊಂದನ್ನು ದಾಟಿದರೆ ಟರ್ಮಿನಲ್ ಒಳಗಿರುತ್ತಾರೆ. ಒಂದೇ ಸ್ಟೇಷನ್ನಿಗೆ ಎರಡು ಕಂಪೆನಿಯ ರೈಲುಗಳು: ಜೆಆರ್ ವೆಸ್ಟ್‌ನ ಬಿಳಿಯ ‘ಹರುಕಾ’ ಮತ್ತು ನಾನ್‌ಕಾಯ್‌ನ ಕಡುನೀಲಿ ‘ರಾಪಿಟ್’. ರಾಪಿಟ್‌ನ ಮೂತಿ ಹಳೆಯ ಕಾಲದ ಯೋಧನ ಶಿರಸ್ತ್ರಾಣದಂತೆ, ಕಿಟಕಿಗಳು ಮೊಟ್ಟೆಯಾಕಾರ. ದಡದ ರಿಂಕು ಟೌನ್‌ನಿಂದ ದ್ವೀಪದವರೆಗೆ ಎರಡೂ ಒಂದೇ ಹಳಿಗಳ ಮೇಲೆ ಓಡುತ್ತವೆ. 3.75 ಕಿ.ಮೀ. ಉದ್ದದ ಸೇತುವೆಯ ಮೇಲಂತಸ್ತಿನಲ್ಲಿ ಆರು ಪಥದ ರಸ್ತೆ, ಕೆಳಗೆ ರೈಲು. 2018ರ ಸೆಪ್ಟೆಂಬರ್ 4ರಂದು ಚಂಡಮಾರುತಕ್ಕೆ ಸಿಕ್ಕ ಟ್ಯಾಂಕರ್ ಹಡಗೊಂದು ಈ ಸೇತುವೆಗೆ ಬಡಿದು, ಸಾವಿರಾರು ಜನ ರಾತ್ರಿಯಿಡೀ ದ್ವೀಪದಲ್ಲೇ ಉಳಿಯಬೇಕಾಯಿತು. ರೈಲು ಮತ್ತೆ ಓಡಿದ್ದು ಸೆಪ್ಟೆಂಬರ್ 18ರಂದು. ಅಂಥ ವಿಮಾನ ನಿಲ್ದಾಣಕ್ಕೆ ಸೇತುವೆಯೇ ಜೀವನಾಡಿ.

ಈಗ ಲೆಕ್ಕಕ್ಕೆ ಬರೋಣ. ಕನ್ಸಾಯ್‌ನ ಮೊದಲ ರನ್‌ವೇ 3500 ಮೀಟರ್. 150ರಿಂದ ಭಾಗಿಸಿದರೂ 23 ಮೀಟರ್, ಅಂದರೆ 75 ಅಡಿಗೂ ಮಿಕ್ಕಿ. ಮನೆಯ ಹಾಲ್ ಇರಲಿ, ಸೊಸೈಟಿಯ ಪಾರ್ಕಿಂಗ್ ಕೂಡಾ ಸಾಲದು. ಆದ್ದರಿಂದ ವಿಮಾನ ನಿಲ್ದಾಣವನ್ನು ಬಿಟ್ಟು ಸ್ಟೇಷನ್ ಉಳಿಸಿಕೊಳ್ಳಬೇಕು. ಟರ್ಮಿನಲ್ಲಿಗೆ ಹಿಂದಿನ ಗೋಡೆಯ ಮೇಲೆ ಚಿತ್ರ ಸಾಕು. ವಿಮಾನ ಬೇಕೇ ಬೇಕೆನ್ನುವವರಿಗೆ ಪ್ಲಾಸ್ಟಿಕ್ ಕಿಟ್‌ಗಳಲ್ಲಿ 144ರಲ್ಲಿ ಒಂದರ ಅಳತೆ ಸಿಗುತ್ತದೆ. ಬೋಯಿಂಗ್ 737 ಅದರಲ್ಲಿ ಸುಮಾರು 27 ಸೆಂ.ಮೀ. ಅಷ್ಟೂ ಇಡುವ ಬದಲು ಕಟ್ಟಡದ ಹಿಂದಿನಿಂದ ಬಾಲವೊಂದೇ ಇಣುಕಿದರೆ ಹೆಚ್ಚು ಚೆನ್ನ. ಬೇಡ ಅನ್ನುವುದನ್ನು ಕಲಿಯುವುದೇ ಈ ಕೆಲಸದಲ್ಲಿ ಕಷ್ಟದ ಪಾಠ.

ಆರು ಅಡಿ ಉದ್ದದ ಪ್ಲೈವುಡ್, ಅಂದರೆ 183 ಸೆಂ.ಮೀ. ಆರು ಬೋಗಿಯ ಹರುಕಾ ನಿಜದಲ್ಲಿ ಸುಮಾರು 120 ಮೀಟರ್, ಮಾದರಿಯಲ್ಲಿ 80 ಸೆಂ.ಮೀ. ಪ್ಲಾಟ್‌ಫಾರ್ಮಿಗೆ 90 ಇಡಿ. ಅದೃಷ್ಟವಶಾತ್ ಕನ್ಸಾಯ್ ಕೊನೆಯ ಸ್ಟೇಷನ್, ಹಳಿಗಳು ಅಲ್ಲಿಗೆ ಮುಗಿಯುತ್ತವೆ. ಆದ್ದರಿಂದ ಹಳಿ ಕವಲೊಡೆಯುವ ಪಾಯಿಂಟ್‌ಗಳು ಒಂದೇ ತುದಿಯಲ್ಲಿ ಸಾಕು. ಎರಡು ಪ್ಲಾಟ್‌ಫಾರ್ಮ್, ನಾಲ್ಕು ಹಳಿ, ಮೂರು ಪಾಯಿಂಟ್; ಇದಕ್ಕೆ ಅರ್ಧ ಮೀಟರ್ ಕೊಟ್ಟರೆ 140 ಸೆಂ.ಮೀ. ಉಳಿದದ್ದರಲ್ಲಿ 28 ಸೆಂ.ಮೀ. ತ್ರಿಜ್ಯದ ತಿರುವು ಕೂರುತ್ತದೆ. ತಿರುವಿನಾಚೆ ಎರಡಂತಸ್ತಿನ ಸೇತುವೆ. ಸೇತುವೆ ಇಲ್ಲದಿದ್ದರೆ ಅದು ಯಾವ ಊರಿನ ಸ್ಟೇಷನ್ನೂ ಆಗಬಹುದು.

ಕೊನೆಯ ಸ್ಟೇಷನ್ನಿನಲ್ಲಿ ಮಕ್ಕಳ ಕೈಯಲ್ಲಿ ರೈಲು ಹೋಗಿ ಗೋಡೆಗೆ ಗುದ್ದುವುದು ಖಂಡಿತ. ಇದಕ್ಕೆ ಹಳೆಯ ಉಪಾಯವೊಂದಿದೆ. ಈ ರೈಲುಗಳಿಗೆ ವಿದ್ಯುತ್ ಬರುವುದು ಹಳಿಯಿಂದಲೇ, 12 ವೋಲ್ಟ್ ಡಿಸಿ. ಪ್ಲಸ್ ಮೈನಸ್ ಅದಲುಬದಲಾದರೆ ರೈಲು ಹಿಂದಕ್ಕೆ ಚಲಿಸುತ್ತದೆ. ಹಳಿ ಮುಗಿಯುವ ಮೊದಲು ಒಂದು ಬದಿಯ ಹಳಿಯನ್ನು ಕತ್ತರಿಸಿ, ಆ ಕಡಿತಕ್ಕೆ ಅಡ್ಡಲಾಗಿ ಒಂದು ಡಯೋಡ್ ಬೆಸೆಯಬೇಕು. ಒಳಗೆ ಬಂದ ರೈಲು ಕಡಿತ ದಾಟಿದೊಡನೆ ವಿದ್ಯುತ್ ಸಿಗದೆ ನಿಲ್ಲುತ್ತದೆ. ಸ್ವಿಚ್ ತಿರುಗಿಸಿದರೆ ಡಯೋಡ್ ವಿದ್ಯುತ್ತನ್ನು ಬಿಟ್ಟುಕೊಡುತ್ತದೆ, ರೈಲು ಹೊರಡುತ್ತದೆ. ಎಚ್ಚರ ವಹಿಸಬೇಕಾದ್ದು ಇಷ್ಟೇ: ಜಪಾನೀ ಮಾದರಿಗಳಲ್ಲಿ ಮೋಟಾರು ಹೆಚ್ಚಾಗಿ ನಡುವಿನ ಬೋಗಿಯಲ್ಲಿರುತ್ತದೆ. ಕಡಿತವನ್ನು ಹಳಿಯ ತುದಿಯಲ್ಲಿ ಮಾಡಿದರೆ ರೈಲು ಗುದ್ದಿದ ನಂತರವೂ ಚಕ್ರ ತಿರುಗುತ್ತಲೇ ಇರುತ್ತದೆ. ಮೋಟಾರಿನ ಬೋಗಿ ಎಲ್ಲಿ ನಿಲ್ಲಬೇಕೋ ಅಲ್ಲಿಯೇ, ಅಂದರೆ ಪ್ಲಾಟ್‌ಫಾರ್ಮಿನ ನಡುಮಧ್ಯದ ಆಸುಪಾಸಿನಲ್ಲಿ ಕತ್ತರಿಸಬೇಕು.

ಬಂಡಿ ಮತ್ತು ಹಳಿಗಳನ್ನು ಕೊಂಡೇ ತರಬೇಕು, ಅವು ಅಗ್ಗವಲ್ಲ. ಪ್ಲಾಟ್‌ಫಾರ್ಮ್, ಚಾವಣಿ, ಕಂಬಗಳನ್ನು ರಟ್ಟು, ಸನ್‌ಬೋರ್ಡ್‌ಗಳಲ್ಲಿ ಮನೆಯಲ್ಲೇ ಮಾಡಬಹುದು. ನಮ್ಮಲ್ಲಿನ ಧೂಳಿಗೆ ಹಳಿಯನ್ನು ಆಗಾಗ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸದಿದ್ದರೆ ರೈಲು ಮುಗ್ಗರಿಸುತ್ತದೆ.

ಕೊನೆಗೆ ಜನ. ಐದೂವರೆ ಅಡಿಯ ಮನುಷ್ಯ ಇಲ್ಲಿ 11 ಮಿಲಿಮೀಟರ್. ಕೈಯಲ್ಲಿ ಸೂಟ್‌ಕೇಸು ಇದ್ದರೇನೇ ಅದು ವಿಮಾನ ನಿಲ್ದಾಣದ ಸ್ಟೇಷನ್ ಅನಿಸುವುದು. ಬೆಂಕಿಕಡ್ಡಿಯ ತುಂಡಿಗೆ ಬಣ್ಣ ಬಳಿದರೆ ಸೂಟ್‌ಕೇಸು ಸಿದ್ಧ. ಆದರೆ ಎಲ್ಲರ ಕೈಗೂ ಅಂಟಿಸಬಾರದು. ಬೀಳ್ಕೊಡಲು ಬಂದವರ ಕೈಯಲ್ಲಿ ಸಾಮಾನು ಇರುವುದಿಲ್ಲ. ಅಂಥ ಇಬ್ಬರನ್ನು, ಸ್ವಲ್ಪ ವಯಸ್ಸಾದವರನ್ನು, ರೈಲು ಹೊರಡುವ ದಿಕ್ಕಿಗೆ ಮುಖ ಮಾಡಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಲ್ಲಿಸಬೇಕು.