ಕಾಲುವೆಯ ಕ್ಯಾಲೆಂಡರು, ಶಾಲೆಯ ಕ್ಯಾಲೆಂಡರು

ಮೇ ಕೊನೆಯ ವಾರಕ್ಕೂ ಬಳ್ಳಾರಿಯ ಬಿಸಿಲು ಇಳಿದಿರುವುದಿಲ್ಲ. ಆದರೂ ಶಾಲೆಗಳ ಬೀಗ ತೆಗೆಯುತ್ತದೆ. 2024ರಲ್ಲೂ 2025ರಲ್ಲೂ ಮೇ 29ಕ್ಕೆ ಬಾಗಿಲು ತೆರೆಯಿತು. ಬೆನ್ನಿಗೇ ಪ್ರಾರಂಭೋತ್ಸವ: ಮಾವಿನ ತೋರಣ, ಮಕ್ಕಳ ಕೈಗೆ ಹೂವು, ಬಿಸಿಯೂಟದಲ್ಲಿ ಸಿಹಿ. ಅವತ್ತಿನ ಹಾಜರಾತಿ ನೋಡಿ ಸಿರುಗುಪ್ಪ, ಕುರುಗೋಡು ಭಾಗದ ಮೇಷ್ಟ್ರುಗಳು ಸಮಾಧಾನಪಡುವುದಿಲ್ಲ. ಅವರ ನಿಜವಾದ ಪರೀಕ್ಷೆ ಶುರುವಾಗುವುದು ಹತ್ತಿ ಒಡೆದಾಗ.

ಈ ಶೈಕ್ಷಣಿಕ ಜಿಲ್ಲೆ ಈಗ ಚಿಕ್ಕದಾಗಿದೆ. 2021ರ ಫೆಬ್ರುವರಿಯಲ್ಲಿ ವಿಜಯನಗರ ಜಿಲ್ಲೆಯ ಅಧಿಸೂಚನೆ ಹೊರಬಿದ್ದು, ಅದೇ ವರ್ಷ ಅಕ್ಟೋಬರ್ 2ರಂದು ಹೊಸ ಜಿಲ್ಲೆ ಉದ್ಘಾಟನೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಆ ಕಡೆ ಹೋದವು. ಬಳ್ಳಾರಿಗೆ ಉಳಿದದ್ದು ಐದೇ ತಾಲ್ಲೂಕು: ಬಳ್ಳಾರಿ, ಸಿರುಗುಪ್ಪ, ಸಂಡೂರು, ಕಂಪ್ಲಿ, ಕುರುಗೋಡು. ಕೊನೆಯ ಎರಡಂತೂ ಈಚೆಗೆ ತಾಲ್ಲೂಕಾದ ಊರುಗಳು. ಹಿಂದೆ ಒಬ್ಬ ಉಪನಿರ್ದೇಶಕರು ಹಡಗಲಿಯ ಶಾಲೆ ನೋಡಿ ಬರಬೇಕೆಂದರೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗಬೇಕಿತ್ತು. ಈಗ ಬೆಳಿಗ್ಗೆ ಸಿರುಗುಪ್ಪ, ಮಧ್ಯಾಹ್ನ ಕುರುಗೋಡು ನೋಡಿ ಸಂಜೆಗೆ ನಗರಕ್ಕೆ ಮರಳಬಹುದು. ಈ ಅನುಕೂಲ ದೊಡ್ಡದು. ಅದನ್ನು ಜಿಲ್ಲೆ ಪೂರ್ತಿ ಬಳಸಿಕೊಂಡಿದೆಯೇ ಎಂಬುದೇ ಪ್ರಶ್ನೆ.

ಗಡಿ ಬದಲಾಗುವುದು ಇಲ್ಲಿಯ ಶಾಲೆಗಳಿಗೆ ಹೊಸದಲ್ಲ. ಲಂಡನ್ ಮಿಷನ್ನಿನವರು 1846ರಲ್ಲಿ ಆರಂಭಿಸಿದ ವಾರ್ಡ್ಲಾ ಶಾಲೆ, 1916ರಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘ ಎರಡೂ ಬೆಳೆದದ್ದು ಮದ್ರಾಸ್ ಆಡಳಿತದಲ್ಲಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಗೆರೆ ಎಳೆದ ಮಾತ್ರಕ್ಕೆ ಮನೆಮಾತು ಬದಲಾಗಲಿಲ್ಲ. ಇವತ್ತಿಗೂ ಸಿರುಗುಪ್ಪದ ಗಡಿ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗು ಆಡುವ ಮಗು ಶಾಲೆಯಲ್ಲಿ ಕನ್ನಡ ಕಲಿಯುತ್ತದೆ. ಬಳ್ಳಾರಿ ನಗರದ ಕೌಲ್‌ಬಜಾರಿನಂಥ ಕಡೆ ಉರ್ದುವೂ ಸೇರಿಕೊಳ್ಳುತ್ತದೆ.

ಇಂಥ ಮಗುವಿಗೆ ಒಂದನೇ ತರಗತಿಗೆ ಮುಂಚಿನ ವರ್ಷಗಳೇ ಮುಖ್ಯ. ಜೂನ್ 1ಕ್ಕೆ ಆರು ವರ್ಷ ತುಂಬಿದವರಿಗಷ್ಟೇ ಒಂದನೇ ತರಗತಿ ಎಂಬ ಆದೇಶ 2022ರಲ್ಲೇ ಬಂತು. ಜಾರಿಗೆ ಬರಬೇಕಿದ್ದ 2025-26ರಲ್ಲಿ ಪೋಷಕರ ಒತ್ತಡಕ್ಕೆ ಸರ್ಕಾರ ಅದನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿತು, ಆ ಒಂದು ಸಾಲಿಗೆ ಮಾತ್ರ ಎಂದಿತು. ನಗರದ ಪೋಷಕರು ಆರು ವರ್ಷದ ನಿಯಮವನ್ನು ಒಂದು ವರ್ಷ ವ್ಯರ್ಥವಾಗುವ ಚಿಂತೆಯಾಗಿ ನೋಡಿದರು. ಕೂಲಿ ಮಾಡುವ ಮನೆಯ ಚಿಂತೆ ಬೇರೆ. ಐದೂವರೆ ವರ್ಷದ ಮಗುವನ್ನು ಶಾಲೆ ಸೇರಿಸಿಕೊಳ್ಳದಿದ್ದರೆ, ಅಂಗನವಾಡಿ ಬೇಗನೆ ಬಿಟ್ಟರೆ, ಅದನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವಳು ಅಕ್ಕ. ತಮ್ಮನಿಗೆ ಮಾಡಿದ ನಿಯಮಕ್ಕೆ ಐದನೇ ತರಗತಿಯ ಅಕ್ಕ ಪಾಠ ತಪ್ಪಿಸಿಕೊಳ್ಳುತ್ತಾಳೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ದಡಿ ಈ ಭಾಗದ ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಮುಂದಾದದ್ದಕ್ಕೆ ಇಲ್ಲಿ ಬೆಲೆ ಬರುವುದು ಅದಕ್ಕೇ. ತಮ್ಮ ಕೇಂದ್ರದ ಮಕ್ಕಳು ಅತ್ತ ಹೋಗುತ್ತಾರೆಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಆತಂಕದಲ್ಲಿ ಹುರುಳಿದೆ. ಅಂಗನವಾಡಿಯನ್ನೇ ಸಂಜೆಯವರೆಗೆ ನಡೆಸಿ, ಕಲಿಸುವ ತರಬೇತಿ ಕೊಟ್ಟರೆ ಹಳ್ಳಿಗೆ ಇನ್ನೂ ಹತ್ತಿರದ ದಾರಿಯಾದೀತು.

ಇನ್ನು ಕಾಲುವೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಕಂಪ್ಲಿ, ಕುರುಗೋಡು, ಸಿರುಗುಪ್ಪದ ಹೊಲಗಳನ್ನು ತಣಿಸಿ ಕರ್ನೂಲಿನತ್ತ ಹೋಗುತ್ತದೆ. ಸಿರುಗುಪ್ಪದಲ್ಲಿ ಭತ್ತ, ಕುರುಗೋಡಿನ ಎರೆಹೊಲಗಳಲ್ಲಿ ಹತ್ತಿ ಮತ್ತು ಮೆಣಸಿನಕಾಯಿ. ಜುಲೈ ಹೊತ್ತಿಗೆ ನೀರು ಬಿಟ್ಟರೆ ನಾಟಿಗೆ ಆಳು ಬೇಕು. ಅಕ್ಟೋಬರಿನಿಂದ ಹತ್ತಿ ಬಿಡಿಸಲು ಬೇಕು. ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಬಿಡಿಸಲು ಬೇಕು. ಕೂಲಿ ಸಿಗುವುದು ತೂಕದ ಲೆಕ್ಕದಲ್ಲಿ. ಮಗುವಿನ ಕೈಯೂ ಚೀಲಕ್ಕೆ ತೂಕ ಸೇರಿಸುತ್ತದೆ. ಹದಿನಾಲ್ಕರೊಳಗಿನ ಮಕ್ಕಳ ಕೂಲಿ ದುಡಿಮೆಯನ್ನು 2016ರ ತಿದ್ದುಪಡಿ ನಿಷೇಧಿಸಿದೆ. ಹದಿನೈದರ ಹುಡುಗಿ ಆ ನಿಷೇಧದ ಅಂಚಿನಾಚೆ ನಿಂತಿದ್ದಾಳೆ, ಮತ್ತು ಅವಳೇ ಆ ವರ್ಷ ಎಸ್ಸೆಸ್ಸೆಲ್ಸಿ ಬರೆಯಬೇಕಾದವಳು. ಪರೀಕ್ಷೆ ಮಾರ್ಚಿನಲ್ಲಿ. ಮೆಣಸಿನಕಾಯಿಯ ಸುಗ್ಗಿಯೂ ಮಾರ್ಚಿನಲ್ಲಿ.

ಪರೀಕ್ಷೆಯಾದರೂ ಮೊದಲಿನಂತಿಲ್ಲ. 2024ರಿಂದ ಪ್ರತಿ ಕೊಠಡಿಗೂ ಕ್ಯಾಮೆರಾ, ಜಿಲ್ಲಾ ಕೇಂದ್ರದಲ್ಲಿ ಕುಳಿತು ನೋಡುವ ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಕುಸಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. 2025ರಲ್ಲಿ ಕೃಪಾಂಕ ತೆಗೆದಾಗ ಶಾಲೆಯಿಂದ ಮೊದಲ ಸಲ ಬರೆದವರಲ್ಲಿ ಶೇ 66.14 ಮಂದಿ ಪಾಸಾದರು. ಅನಂತರ ಉತ್ತೀರ್ಣದ ಗೆರೆಯನ್ನೇ ಶೇ 35ರಿಂದ 33ಕ್ಕೆ ಇಳಿಸುವ ತೀರ್ಮಾನವಾಯಿತು. ನಕಲು ನಿಂತದ್ದು ಒಳ್ಳೆಯದೇ. ಆದರೆ ಜನವರಿಯಿಂದ ಹೊಲದಲ್ಲಿದ್ದ ಹುಡುಗಿಗೆ ಈ ರಿಯಾಯಿತಿಯಿಂದ ಆಗುವ ಉಪಕಾರ ಬಹಳ ಸಣ್ಣದು. ಅವಳಿಗೆ ಬೇಕಿರುವುದು ಗಣಿತ, ಇಂಗ್ಲಿಷಿಗೆ ವರ್ಷದ ಮೊದಲ ದಿನದಿಂದಲೇ ಶಿಕ್ಷಕರು. 2022ರ ನೇಮಕಾತಿಯ 15,000 ಪದವೀಧರ ಶಿಕ್ಷಕ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ ಮೀಸಲಾಗಿದ್ದವು. ಹಾಗಿದ್ದೂ ಅತಿಥಿ ಶಿಕ್ಷಕರನ್ನು ಕಾಯುವ ಶಾಲೆಗಳು ಇವೆ.

2025-26 ಇನ್ನೊಂದು ಪೆಟ್ಟು ಕೊಟ್ಟಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿತ್ತು. ಹಳೆಯ 33 ಗೇಟುಗಳನ್ನೂ ಬದಲಿಸಲೆಂದು 2025-26ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂದು ನಿರ್ಧಾರವಾಯಿತು. ಗೇಟಿನ ಕೆಲಸ ಆಗಲೇಬೇಕಾದದ್ದು. ಆದರೆ ಬೇಸಿಗೆ ಬೆಳೆ ಇಲ್ಲದ ಊರಿನಲ್ಲಿ ಕೂಲಿಯೂ ಇಲ್ಲ. ಕೂಲಿ ಇಲ್ಲದ ಮನೆ ಗುಳೆ ಹೊರಡುತ್ತದೆ, ಮಕ್ಕಳನ್ನು ಕಟ್ಟಿಕೊಂಡು.

ಗುಳೆ ಹೋದವರ ಮಕ್ಕಳಿಗೆಂದು ಋತುಮಾನ ವಸತಿ ನಿಲಯ ನಡೆಸಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ನೀರಿನ ನಿರ್ಧಾರ ಯಾರಿಗೂ ಹಠಾತ್ತಾಗಿ ತಿಳಿಯುವಂಥದ್ದಲ್ಲ. ನೀರಾವರಿ ಸಲಹಾ ಸಮಿತಿ ಸಭೆ ಸೇರಿ, ದಿನಾಂಕ ಹೇಳಿಯೇ ಪ್ರಕಟಿಸುತ್ತದೆ. ಆ ಸಭೆಯ ತೀರ್ಮಾನ ರೈತರಿಗೆ ತಲುಪಿದ ವಾರವೇ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗಳಿಗೂ ತಲುಪಬೇಕು. ಹಚ್ಚೊಳ್ಳಿ, ತೆಕ್ಕಲಕೋಟೆ, ಕೋಳೂರಿನಂಥ ಊರುಗಳಲ್ಲಿ ಯಾವ ಮಗುವಿನ ಮನೆಗೆ ಬೀಗ ಬೀಳಲಿದೆ ಎಂಬುದು ಆಯಾ ಶಾಲೆಯ ಮೇಷ್ಟ್ರಿಗೆ ಮೊದಲೇ ಗೊತ್ತಿರುತ್ತದೆ. ಐದು ತಾಲ್ಲೂಕಿನ ಜಿಲ್ಲೆಗೆ ಆ ಹೆಸರುಗಳನ್ನು ಡಿಸೆಂಬರಿನೊಳಗೆ ಪಟ್ಟಿ ಮಾಡಿ, ಸಂಕ್ರಾಂತಿಗೆ ಮುಂಚೆ ನಿಲಯಗಳ ಒಲೆ ಹಚ್ಚುವುದು ಸಾಧ್ಯವಿರುವ ಕೆಲಸ.